ಆಯುಧಪೂಜೆಯ ಗಾಳಿ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಅಮ್ಮ ಬೈಯುತ್ತಿದ್ದಳು. ಈಗ ಆ ಕೆಲಸವನ್ನು ನನ್ನ ಮಗಳು ವಹಿಸಿಕೊಂಡಿದ್ದಾಳೆ. ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವವಳು ನಾನು. ಸೀಟು ಸಿಕ್ಕರೂ ಇಂದಿರಾನಗರ ದಾಟುವುದರೊಳಗೆ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. ಅಷ್ಟು ಹೊತ್ತಿಗೆ ಆ ದಿನ ಯಾರ ಜೊತೆ ಏನು ಜಗಳ ಆಡಬೇಕು ಅನ್ನುವುದೆಲ್ಲ ತಲೆಯಲ್ಲಿ ತಯಾರಾಗಿರುತ್ತದೆ.

ನನ್ನ ಕೆಲಸ ಏನು ಅಂತ ವಿವರಿಸುವುದೂ ಒಂದು ಜಗಳವೇ. ನಮ್ಮ ಬೀದಿಯ ತಮಿಳು ಅಜ್ಜಿಗೆ "ಹೊಗೆ ಹಿಡಿಯೋ ಕಂಪನಿ ಪಾಟಿ" ಅಂದೆ. ಅವರ ಭಾಷೆಯಲ್ಲಿ ಹೊಗೆ ಹಿಡಿಯುವುದೆಂದರೆ ಬೀಡಿ ಸೇದುವುದು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಎರಡು ಬೆರಳು ತುಟಿಗಿಟ್ಟು ನಗುತ್ತಾರೆ. ನಿಜ ಹೇಳಬೇಕೆಂದರೆ ವಿಷಯ ಅಷ್ಟೇನೂ ಕಷ್ಟದ್ದಲ್ಲ. ಕಲ್ಲಿದ್ದಲು ಸುಟ್ಟಾಗ ಏಳುವ ಹೊಗೆಯಲ್ಲಿ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಚಿಮಣಿಯಿಂದ ಹೊರಬೀಳುವ ಮೊದಲೇ ಅದನ್ನು ಒಂದು ದ್ರಾವಣ ಹೀರಿಕೊಳ್ಳುವ ಹಾಗೆ ಮಾಡುತ್ತೇವೆ. ದ್ರಾವಣವನ್ನು ಕಾಯಿಸಿದರೆ ಹಿಡಿದ ಅನಿಲವನ್ನು ಅದು ಬಿಟ್ಟುಕೊಡುತ್ತದೆ. ಆ ಅನಿಲವನ್ನು ಒತ್ತಿ, ಕೊಳವೆಯಲ್ಲಿ ಸಾಗಿಸಿ, ನೆಲದ ಬಹಳ ಆಳದಲ್ಲಿ ಬಂಡೆಗಳ ನಡುವೆ ಹೂಳಬೇಕು. ಹೂಳುವುದು ಬೇರೆಯವರ ಪಾಡು. ಹಿಡಿಯುವುದು ನಮ್ಮ ಪಾಡು.

ಇದರಿಂದ ದೇಶ ಉದ್ಧಾರವಾಗುತ್ತದಾ ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ನನಗೇ ಸರಿಯಾಗಿ ಗೊತ್ತಿಲ್ಲ. ಸಿಮೆಂಟಿಗೆ ಸುಣ್ಣದಕಲ್ಲು ಸುಡಲೇಬೇಕು. ಕುಲುಮೆಯನ್ನು ಬಿಸಿಲಿನ ವಿದ್ಯುತ್ತಿನಲ್ಲಿ ನಡೆಸಿದರೂ ಕಲ್ಲಿನ ಒಳಗಿಂದಲೇ ಆ ಅನಿಲ ಬರುತ್ತದೆ. ಅಲ್ಲಿ ನಮ್ಮ ಯಂತ್ರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ವಿದ್ಯುತ್ ಘಟಕಕ್ಕೆ ಅದನ್ನು ಕೂರಿಸಿದರೆ ಘಟಕ ಹುಟ್ಟಿಸುವ ಕರೆಂಟಿನಲ್ಲೇ ಒಂದು ದೊಡ್ಡ ಪಾಲನ್ನು ಯಂತ್ರ ತಿಂದುಬಿಡುತ್ತದೆ. ಆ ಕೊರತೆ ತುಂಬಲು ಮತ್ತಷ್ಟು ಕಲ್ಲಿದ್ದಲು. ಒಳ್ಳೆಯ ಯಂತ್ರವಾದರೆ ಈ ಸುತ್ತಾಟಕ್ಕೆ ಅರ್ಥವಿದೆ. ಸುಮಾರಾದ ಯಂತ್ರವಾದರೆ ಸಾಯುವ ಘಟಕಕ್ಕೆ ಬಣ್ಣ ಹಚ್ಚಿ ಇನ್ನಷ್ಟು ವರ್ಷ ಕಲ್ಲಿದ್ದಲು ಸುಡಲು ನೆಪ ಸಿಗುತ್ತದೆ. ಎರಡರ ನಡುವೆ ಇರುವುದು ನನ್ನ ಮೀಟರು ತೋರಿಸುವ ಅಂಕಿ. ಮೀಟರುಗಳ ಉಸ್ತುವಾರಿ ನನ್ನದು.

ನಮ್ಮದು ಕೆ.ಆರ್. ಪುರದ ರೈಲು ಹಳಿಗಳ ಹಿಂದಿನ ಒಂದು ಶೆಡ್ಡು. ಡೀಸೆಲ್ ಜನರೇಟರಿನ ಹೊಗೆಯನ್ನು, ಒಳಗೆ ದ್ರಾವಣ ಸುರಿಯುವ ಎತ್ತರದ ಸ್ಟೀಲ್ ಕಂಬದೊಳಗೆ ಹಾಯಿಸಿ ಪ್ರಯೋಗ ಮಾಡುತ್ತೇವೆ. ದೆಹಲಿಯ ಒಂದು ಸಮಿತಿ ನಮ್ಮಂಥ ಕೆಲವರಿಂದ ಫಲಿತಾಂಶ ಕೇಳಿತ್ತು. ಯಾವ ಹಳೆಯ ಘಟಕವನ್ನು ಮುಚ್ಚಬೇಕು, ಯಾವುದಕ್ಕೆ ಹೊಗೆ ಹಿಡಿಯುವ ಯಂತ್ರ ಕೂರಿಸಿ ಉಳಿಸಿಕೊಳ್ಳಬೇಕು ಅನ್ನುವುದು ಅವರ ಮುಂದಿದ್ದ ಪ್ರಶ್ನೆ. ನಮ್ಮದು ಒಪ್ಪಿಗೆಯಾದರೆ ರಾಯಚೂರು ಕಡೆಯ ಒಂದು ಹಳೆಯ ಘಟಕಕ್ಕೆ ಇದರ ದೊಡ್ಡ ರೂಪ ಹೋಗುವುದಿತ್ತು.

ಆ ಘಟಕದಿಂದಲೇ ಬಂದವನು ನಮ್ಮ ಆಪರೇಟರ್. ಅಲ್ಲಿ ಬಾಯ್ಲರ್ ಪಕ್ಕದಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಹಗಲು ಹೊತ್ತು ಸೋಲಾರ್ ಕರೆಂಟು ಹೆಚ್ಚಾದ ಮೇಲೆ ಘಟಕ ನಿಲ್ಲುವುದೇ ಹೆಚ್ಚಾಯಿತು, ಗುತ್ತಿಗೆಯವರನ್ನು ಮನೆಗೆ ಕಳಿಸಿದರು. ಇಲ್ಲಿಗೆ ಬಂದು ಕಗ್ಗದಾಸಪುರದಲ್ಲಿ ತನ್ನ ಊರ ಕಡೆಯ ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿದ್ದ. ಹೆಂಡತಿ ಊರಲ್ಲೇ ಅಂಗನವಾಡಿ ಶಿಕ್ಷಕಿ. ಆಕೆ ಆ ಕೆಲಸ ಬಿಟ್ಟು ಬರುವ ಹಾಗಿಲ್ಲ, ಬಂದರೂ ಆ ರೂಮಿನಲ್ಲಿ ಮಗಳ ಜೊತೆ ಇರುವ ಹಾಗಿಲ್ಲ. ಊಟದ ಹೊತ್ತಿಗೆ ಡಬ್ಬಿ ಬಿಚ್ಚುವ ಮೊದಲು ಫೋನ್ ಬಿಚ್ಚುತ್ತಿದ್ದ. ಹೆಂಡತಿಗೆ ತಾನು ತಿನ್ನುವ ರೊಟ್ಟಿ ತೋರಿಸಿ, ಅದು ದಪ್ಪ ಅಂತ ಆಕೆಯ ಹತ್ತಿರ ಬೈಸಿಕೊಂಡ ಮೇಲೆಯೇ ತಿನ್ನುತ್ತಿದ್ದ.

"ನಮ್ಮ ಕಡಿ ಕರೆಂಟ್ ಹುಟ್ಟತದ್ರಿ ಮೇಡಮ್ಮಾರ, ನೀವು ಇಲ್ಲಿ ಫ್ಯಾನ್ ಹಾಕ್ತೀರಿ. ಬೂದಿ ಮಾತ್ರ ನಮಗ," ಅನ್ನುತ್ತಿದ್ದ.

"ಸರಿ ಬಿಡಪ್ಪ, ಹಾಗಾದ್ರೆ ಘಟಕ ಮುಚ್ಲಿ. ಬೂದೀನೂ ಇರಲ್ಲ," ಅಂತ ನಾನು ಕೆಣಕಿದರೆ ಗಾಬರಿಯಾಗುತ್ತಿದ್ದ.

"ಅಯ್ಯ, ಹಂಗ ಅನಬ್ಯಾಡ್ರಿ! ಬೂದಿ ಇರಲಿ ಬಿಡ್ರಿ."

ನಮ್ಮ ಕಂಪನಿಯ ಯಜಮಾನರು ಅವನಿಗೆ ಎಲ್ಲರ ಎದುರು ಮಾತು ಕೊಟ್ಟಿದ್ದರು. ಯಂತ್ರ ಅಲ್ಲಿಗೆ ಹೋದರೆ ಅದರ ಪಾಳಿಯ ಮುಖ್ಯಸ್ಥ ಅವನೇ, ಖಾಯಂ ಕೆಲಸ, ಮನೆಯಿಂದ ಡ್ಯೂಟಿಗೆ ಹೋಗಿಬರಬಹುದು. ನಮ್ಮ ಶೆಡ್ಡಿನಲ್ಲಿ ಉಳಿದವರಿಗೆಲ್ಲ ಈ ಪ್ರಯೋಗ ಒಂದು ಕೆಲಸ. ಅವನಿಗೆ ಅದು ಊರಿಗೆ ಹೋಗುವ ದಾರಿ.

ಇನ್ನು ಮೀಟರಿನ ಸಂಗತಿ. ಕಂಬದಿಂದ ಹೊರಹೋಗುವ ಗಾಳಿಯಲ್ಲಿ ಹಿಡಿಯಲಾಗದೆ ಉಳಿದ ಅನಿಲ ಎಷ್ಟು ಅಂತ ತೋರಿಸುವ ಒಂದು ಸಣ್ಣ ಪೆಟ್ಟಿಗೆ ಅದು. ಅದಕ್ಕೆ ಬಯಲಿನ ಸಾಮಾನ್ಯ ಗಾಳಿ ಯಾವುದು ಅಂತ ಆಗಾಗ ತೋರಿಸಿಕೊಡಬೇಕು, ಇದಕ್ಕೆ ಕ್ಯಾಲಿಬ್ರೇಶನ್ ಅನ್ನುತ್ತಾರೆ. ಮಹಡಿಗೆ ಒಯ್ದು, ಸ್ವಲ್ಪ ಹೊತ್ತು ಬಿಟ್ಟು, ಒಂದು ಗುಂಡಿ ಒತ್ತಿದರೆ "ಇದೇ ಬಯಲ ಗಾಳಿ" ಅಂತ ಪೆಟ್ಟಿಗೆ ನಂಬುತ್ತದೆ. ಆಮೇಲೆ ಅದು ತೋರಿಸುವ ಪ್ರತಿ ಅಂಕಿಯೂ ಆ ನಂಬಿಕೆಯ ಮೇಲೆ ನಿಂತಿರುತ್ತದೆ. ಸೋಮವಾರ ಬೆಳಿಗ್ಗೆ ಆಪರೇಟರ್ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುವುದನ್ನು ನಾವು "ಗಾಳಿ ಕುಡಿಸೋದು" ಅನ್ನುತ್ತಿದ್ದೆವು. ನಾನು ಹಿಂದೆಯೇ ಹೋಗಿ ಗುಂಡಿ ಒತ್ತುತ್ತಿದ್ದೆ.

ಸಮಿತಿಗೆ ಕಳಿಸಬೇಕಾದ ಕೊನೆಯ ಪ್ರಯೋಗ ದಸರೆಯ ಮಗ್ಗುಲಿಗೇ ಬಂತು. ಯಜಮಾನರು ಅಮೆರಿಕದಲ್ಲಿ ಓದಿದವರು, ಆದರೆ ಆಯುಧಪೂಜೆಯ ವಿಷಯದಲ್ಲಿ ಅವರ ಮುಂದೆ ಯಾವ ಲಾರಿ ಮಾಲೀಕನೂ ಇಲ್ಲ. ಹಿಂದಿನ ದಿನವೇ ಯಂತ್ರ ನಿಲ್ಲಿಸಿ ಪಂಪು, ಕೊಳವೆ, ಸ್ಪ್ಯಾನರು ಎಲ್ಲವನ್ನೂ ಒರೆಸಿದರು. ಕಂಬಕ್ಕೆ ಬಾಳೆಕಂದು ಕಟ್ಟಿ, ಮೈತುಂಬ ಚೆಂಡುಹೂವಿನ ಸರ ಸುತ್ತಿದರು. ಮೀಟರನ್ನೂ ಬಿಚ್ಚಿ ಒರೆಸಿ, ವಿಭೂತಿ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಪೂಜೆ ಆದ ಕೂಡಲೇ ಒಳ್ಳೆಯ ಘಳಿಗೆಯಲ್ಲಿ ಯಂತ್ರ ಶುರುವಾಗಬೇಕು, ಆಮೇಲೆ ಪ್ರಯೋಗ ಮುಗಿಯುವ ತನಕ ಯಾರೂ ಏನನ್ನೂ ಮುಟ್ಟಬಾರದು ಅಂತ ಅಪ್ಪಣೆಯಾಗಿತ್ತು.

ಬಾಣಸವಾಡಿಯಿಂದ ಪುರೋಹಿತರು ಬಂದರು. ಕೆಲಸದವರ ಮನೆಮಂದಿ, ಅಕ್ಕಪಕ್ಕದ ಶೆಡ್ಡಿನವರು, ಅವರ ಮಕ್ಕಳು, ಎಲ್ಲ ಸೇರಿ ಕಾಲಿಡಲು ಜಾಗವಿರಲಿಲ್ಲ. ನನಗೆ ಜನಜಂಗುಳಿ ಆಗಿಬರುವುದಿಲ್ಲ. ಮಂಗಳಾರತಿಯ ಹೊತ್ತಿಗೆ ಮೆಲ್ಲನೆ ಹೊರಗೆ ಬಂದುಬಿಟ್ಟೆ. ರಸ್ತೆಯಲ್ಲಿ ಯಾರೋ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಬಿದ್ದಿದ್ದವು. ಸ್ಕೂಟರಿನವರು ಜಾರುತ್ತಾರೆ ಅಂತ ಅವನ್ನು ಕಾಲಿನಿಂದ ಬದಿಗೆ ತಳ್ಳುತ್ತ, ಒಡೆದವನನ್ನು ಹುಡುಕಿ ಬೈಯುತ್ತ ನಿಂತಿದ್ದೆ. ಒಳಗಿಂದ ಚಪ್ಪಾಳೆ ಕೇಳಿಸಿತು. ಹೋಗಿ ನೋಡಿದರೆ ಯಂತ್ರ ಓಡುತ್ತಿತ್ತು. "ಮೀಟರ್ ಕ್ಯಾಲಿಬ್ರೇಶನ್ ಆಯ್ತಾ?" ಅಂತ ಕೇಳಿದೆ. "ಎಲ್ಲಾ ಆಯ್ತು, ಸರ್ ಕೈಯಿಂದಾನೇ ಆಯ್ತು," ಅಂದರು. ಕಡಲೆಪುರಿ ತಿಂದು ಮನೆಗೆ ಹೋದೆ.

ಆ ವಾರದ ಅಂಕಿಗಳನ್ನು ನೋಡಿ ಯಜಮಾನರು ನಿಂತಲ್ಲೇ ಕುಣಿದರು. ಹೊರಹೋಗುವ ಗಾಳಿಯಲ್ಲಿ ಅನಿಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ವರ್ಷ ಒದ್ದಾಡಿದರೂ ಹತ್ತಿರಕ್ಕೆ ಬಾರದ ಫಲಿತಾಂಶ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಈ ಸಲ ಹಾಕಿದ್ದ ಹೊಸ ದ್ರಾವಣ ಕೈಹಿಡಿಯಿತು ಅಂತ ಎಲ್ಲರೂ ಅಂದುಕೊಂಡೆವು, ನಾನೂ. ಆದರೂ ಆ ಅಂಕಿಗಳನ್ನು ಇನ್ನೊಮ್ಮೆ ತಿರುವಿ ನೋಡಿದೆ. ಒಳ್ಳೆಯದು ನಡೆದಾಗ ಸುಮ್ಮನೆ ಸಂತೋಷಪಡುವುದು ನನಗೆ ಹುಟ್ಟಿನಿಂದ ಬಂದಿಲ್ಲ. ವರದಿ ದೆಹಲಿಗೆ ಹೋಯಿತು. ಸಮಿತಿಯವರು ಫೋನ್ ಮಾಡಿ ಹೊಗಳಿದರು. ಯಜಮಾನರು ಆಪರೇಟರನ ಭುಜ ತಟ್ಟಿ "ಗಂಟುಮೂಟೆ ಕಟ್ಕೋಪ್ಪಾ, ಇನ್ನೇನು ಹೊರಡೋದೇ," ಅಂದರು. ಅವನು ಅಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿದ. ಆ ತುದಿಯಲ್ಲಿ ಮಗಳು ಕಿರುಚಿದ್ದು ನಮಗೆಲ್ಲ ಕೇಳಿಸಿತು.

ಪ್ರಯೋಗ ಮುಗಿದ ಮೇಲಿನ ಸೋಮವಾರ ಅವನು ರಜೆ ಹಾಕಿದ್ದ. ಮೀಟರನ್ನು ನಾನೇ ಮಹಡಿಗೆ ಎತ್ತಿಕೊಂಡು ಹೋದೆ. ಎಂದಿನಂತೆ ಗುಂಡಿ ಒತ್ತಲು ಬೆರಳು ಚಾಚಿದವಳು ಯಾಕೋ ಮೊದಲು ಅಂಕಿಯ ಕಡೆ ನೋಡಿದೆ. ಕೆಳಗೆ ಟಿನ್ ಫ್ಯಾಕ್ಟರಿ ಕಡೆಯಿಂದ ತೂಗುಸೇತುವೆಯವರೆಗೆ ಲಾರಿ, ಬಸ್ಸು, ಆಟೋ ಒಂದರ ಬೆನ್ನಿಗೊಂದು ನಿಂತು ಹೊಗೆ ಕಾರುತ್ತಿದ್ದವು. ನನ್ನ ಮೀಟರು ಮಾತ್ರ ಈ ಗಾಳಿಯಲ್ಲಿ ಇಂಗಾಲವೇ ಇಲ್ಲ ಅನ್ನುತ್ತಿತ್ತು. ಅಷ್ಟು ಶುದ್ಧ ಗಾಳಿ ಹಿಮಾಲಯದ ತುದಿಯಲ್ಲೂ ಇರುವುದಿಲ್ಲ, ಮನುಷ್ಯ ಹುಟ್ಟಿದ ಮೇಲೆ ಎಲ್ಲೂ ಇದ್ದದ್ದಿಲ್ಲ. ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದೆ.

ಮೆಟ್ಟಿಲ ಮೇಲೆ ಕೂತು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಪೂಜೆಯ ವಿಡಿಯೋ ಹುಡುಕಿದೆ. ಯಜಮಾನರ ಹೆಂಡತಿ ತೆಗೆದದ್ದು. ಕರ್ಪೂರ ಆರಬಾರದು ಅಂತ ಶಟರ್ ಇಳಿಸಿದ್ದಾರೆ, ಫ್ಯಾನು ನಿಲ್ಲಿಸಿದ್ದಾರೆ. ಸಾಂಬ್ರಾಣಿಯ ಹೊಗೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಜನ ಉಸಿರಿಗೆ ಉಸಿರು ತಾಗುವಂತೆ ನಿಂತಿದ್ದಾರೆ. ಪುರೋಹಿತರು ಘಳಿಗೆ ಬಂತು ಅಂತ ಕೈ ಎತ್ತುತ್ತಾರೆ. ಯಜಮಾನರು ಕಣ್ಣು ಮುಚ್ಚಿ, ಉರಿಯುವ ಕರ್ಪೂರದ ತಟ್ಟೆಯ ಮಗ್ಗುಲಲ್ಲೇ ಇದ್ದ ಮೀಟರಿನ ಗುಂಡಿ ಒತ್ತುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಜನರ ಉಸಿರೂ ಕರ್ಪೂರದ ಹೊಗೆಯೂ ತುಂಬಿದ ಆ ಗಾಳಿಯನ್ನೇ ಪಾಪದ ಪೆಟ್ಟಿಗೆ ಬಯಲ ಗಾಳಿ ಅಂತ ನಂಬಿತು. ಆಮೇಲೆ ಇಡೀ ವಾರ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತ ಹೋಯಿತು.

ನಗು ಬಂತು. ಇಂಗಾಲ ಅಳೆಯುವ ಮೀಟರಿಗೆ ಮಂಗಳಾರತಿಯ ಹೊಗೆ ಕುಡಿಸಿ ಕ್ಯಾಲಿಬ್ರೇಶನ್ ಮಾಡುವ ಬುದ್ಧಿವಂತರು ಪ್ರಪಂಚದಲ್ಲಿ ನಾವಷ್ಟೇ ಇರಬೇಕು. ನಗು ನಿಂತ ಮೇಲೆ ಆಪರೇಟರನ ಮಗಳು ಕಿರುಚಿದ್ದು ನೆನಪಾಯಿತು.

ಅವತ್ತು ಅರ್ಧ ದಿನಕ್ಕೇ ಮನೆಗೆ ಬಂದೆ. ಮನೆಯಲ್ಲಿ ಕೂರಲಾಗದೆ ಹಲಸೂರು ಕೆರೆಯ ಸುತ್ತ ನಡೆದೆ. ಸುಸ್ತಾಗಿ ಒಂದು ಕಲ್ಲುಬೆಂಚಿನ ಮೇಲೆ ಕೂತೆ, ಎದ್ದೆ, ಮತ್ತೆ ನಡೆದೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ವಿಡಿಯೋ ನೋಡಿ ಇದನ್ನು ಕಂಡುಹಿಡಿಯುವ ಹುಚ್ಚು ಇನ್ಯಾರಿಗೂ ಇಲ್ಲ. ದೊಡ್ಡ ಯಂತ್ರ ಅಲ್ಲಿಗೆ ಹೋಗಲಿ, ಹೋದ ಮೇಲೆ ಸುಧಾರಿಸಿಕೊಂಡರಾಯಿತು, ಎಲ್ಲರೂ ಹಾಗೆಯೇ ಮಾಡುವುದಲ್ಲವೇ? ಆದರೆ ಅಷ್ಟರಲ್ಲಿ ನಮ್ಮ ಅಂಕಿ ನಂಬಿ ದೆಹಲಿಯವರು ಆ ಹಳೆಯ ಘಟಕಕ್ಕೆ ಇನ್ನೊಂದು ಆಯಸ್ಸು ಬರೆದುಕೊಟ್ಟಿರುತ್ತಾರೆ. ಅದು ಹೊಗೆ ಉಗುಳುತ್ತಲೇ ಇರುತ್ತದೆ, ಕಾಗದದ ಮೇಲೆ ಮಾತ್ರ ಹೊಗೆ ನೆಲದೊಳಗೆ ಹೋಗಿರುತ್ತದೆ. ಆ ಊರಿನ ಮಕ್ಕಳು, ಅವನ ಮಗಳೂ ಸೇರಿ, ಅದೇ ಬೂದಿ ಉಸಿರಾಡುತ್ತಾರೆ. ಇದೆಲ್ಲ ಸರಿಯೇ. ಆದರೆ ಆ ಹುಡುಗಿಗೆ ಅಪ್ಪ ಮನೆಯಲ್ಲಿ ಇರುತ್ತಾನಲ್ಲ? ನನಗೆ ನನ್ನ ಮೇಲೆ, ಯಜಮಾನರ ಮೇಲೆ, ಪುರೋಹಿತರ ಮೇಲೆ, ಆ ಕಲ್ಲುಬೆಂಚಿನ ಮೇಲೆ ಕೂಡ ಕೋಪ ಬಂತು.

ಮರುದಿನ ಯಜಮಾನರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ವಿಡಿಯೋ ತೋರಿಸಿದೆ. ತಮ್ಮದೇ ಬೆರಳು ಗುಂಡಿ ಒತ್ತುವುದನ್ನು ಅವರು ಮತ್ತೆ ಮತ್ತೆ ನೋಡಿದರು.

"ಅಂದ್ರೆ ಪೂಜೆ ಮಾಡಿದ್ದೇ ತಪ್ಪಾ?" ಅಂದರು.

"ಪೂಜೆ ತಪ್ಪಲ್ಲ ಸರ್. ಶಟರ್ ಹಾಕ್ಕೊಂಡು ಗುಂಡಿ ಒತ್ತಿದ್ದು ತಪ್ಪು."

"ಡಿಫರೆನ್ಸ್ ತುಂಬಾ ಬರುತ್ತಾ? ಸುಮ್ನೆ ಹೆದರಿಸ್ಬೇಡಿ ರೀ."

"ಇನ್ನೊಂದ್ಸಲ ಓಡಿಸಿ ನೋಡೋಣ. ನಾನು ಹೆದರಿಸ್ತಿದೀನೋ ಇಲ್ವೋ ಗೊತ್ತಾಗುತ್ತೆ."

ಅವರು ಕೂಗಾಡಿದರು. ಮೇಜಿನ ಮೇಲಿದ್ದ ಪೆನ್ನು ಎಸೆದರು. ಮಂಗಳಾರತಿ ಬಿಟ್ಟು ನೀವು ರಸ್ತೆಯಲ್ಲಿ ಏನು ಮಾಡುತ್ತಿದ್ದಿರಿ ಅಂತ ನನ್ನನ್ನೇ ಕೇಳಿದರು. ಕುಂಬಳಕಾಯಿ ತಳ್ಳುತ್ತಿದ್ದೆ ಅಂದೆ. ಆಮೇಲೆ ಎಸೆದ ಪೆನ್ನನ್ನು ತಾವೇ ಎತ್ತಿಟ್ಟು, ನನ್ನ ಮುಂದೆಯೇ ದೆಹಲಿಗೆ ಫೋನ್ ಮಾಡಿ ಫಲಿತಾಂಶ ತಡೆಹಿಡಿಯಿರಿ ಅಂದರು. ಅವರ ಬಗ್ಗೆ ನಾನು ಏನೇನೋ ಅಂದುಕೊಂಡು ಹೋಗಿದ್ದೆ. ಆ ಒಂದು ಫೋನಿಗಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಮೀಟರು ಸರಿಪಡಿಸಿ ಇನ್ನೊಂದು ಸಲ ಓಡಿಸಿದೆವು. ಆಪರೇಟರನಿಗೆ, ಸಮಿತಿಯವರು ಎರಡನೇ ಸಲ ಕೇಳಿದ್ದಾರೆ ಅಂತಷ್ಟೇ ಯಜಮಾನರು ಹೇಳಿದ್ದರು. ಅವನು ಪಂಪಿನ ಬಳಿ ಹಾಡು ಗುನುಗುತ್ತ ಓಡಾಡುತ್ತಿದ್ದ. ಅಂಕಿ ಬಂತು. ಕೆಟ್ಟದ್ದೇನಲ್ಲ, ಸುಮಾರು. ಸುಮಾರು ಅನ್ನುವುದಕ್ಕೆ ಹಳೆಯ ಘಟಕ ಉಳಿಸುವ ಶಕ್ತಿ ಇರಲಿಲ್ಲ. ಸ್ವಲ್ಪ ದಿನಕ್ಕೆ ಸಮಿತಿಯ ತೀರ್ಮಾನ ತಿಳಿಯಿತು. ಹೊಗೆ ಹಿಡಿಯುವ ಯಂತ್ರಗಳನ್ನು ಮೊದಲು ಸಿಮೆಂಟಿನ ಕಡೆ ನೋಡುವುದು, ರಾಯಚೂರು ಕಡೆಯ ಆ ಹಳೆಯ ಘಟಕವನ್ನು ಮೆಲ್ಲಗೆ ಮುಚ್ಚುವುದು. ಕಾಗದದ ಮೇಲೆ ನೋಡಿದರೆ ನಾನೇ ಬರೆದಿದ್ದರೂ ಅದನ್ನೇ ಬರೆಯುತ್ತಿದ್ದೆ. ದೇಶಕ್ಕೆ ಸರಿಯಾದ ತೀರ್ಮಾನ ಅದು. ಓದಿ ಮುಗಿಸಿದಾಗ ಒಂದು ಚೂರೂ ಸಮಾಧಾನ ಆಗಲಿಲ್ಲ.

ಆಪರೇಟರನಿಗೆ ನಾನೇ ಹೇಳುತ್ತೇನೆ ಅಂದೆ. ಸಂಜೆ ಶೆಡ್ಡಿನ ಹಿಂದೆ, ಅವನು ಕೈ ತೊಳೆಯುವ ನಲ್ಲಿಯ ಬಳಿ ಎಲ್ಲವನ್ನೂ ಹೇಳಿದೆ. ಕರ್ಪೂರ, ಗುಂಡಿ, ಮಹಡಿಯ ಗಾಳಿ, ಯಜಮಾನರ ಫೋನು, ದೆಹಲಿಯ ತೀರ್ಮಾನ. ಸೋಪಿನ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದ.

"ನಿಮಗ ಯಾವಾಗ ಗೊತ್ತಾತ್ರಿ?"

"ನೀನು ರಜ ಹಾಕಿದ್ದ ಸೋಮವಾರ."

"ಮೊದಲು ಸಾಹೇಬ್ರಿಗೆ ಹೇಳಿದ್ರಿ."

"ಹ್ಞೂಂ."

"ನನಗ ಮೊದಲು ಹೇಳಬೇಕಿತ್ರಿ ಮೇಡಮ್ಮಾರ."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಬ್ಯಾಡ ಅಂತಿದ್ದೆ. ಕೈ ಮುಗದು ಬ್ಯಾಡ ಅಂತಿದ್ದೆ."

"ನಾನು ಕೇಳ್ತಿರ್ಲಿಲ್ಲಪ್ಪ."

"ಗೊತ್ತದ್ರಿ, ನೀವು ಕೇಳ್ತಿದ್ದಿಲ್ಲ." ನಲ್ಲಿ ತಿರುಗಿಸಿ ಕೈ ತೊಳೆದ. "ಆದ್ರೂ ಒಂದ್ಸಲ ಬ್ಯಾಡ ಅನ್ನಾಕ ನನಗ ಸಿಗ್ತಿತ್ತಲ್ರಿ. ಊರಿಗೆ ಘಟಕ ಬಂದಾಗೂ ಯಾರೂ ಕೇಳಲಿಲ್ಲ. ನಮ್ಮನ್ನ ಮನಿಗೆ ಕಳಿಸಿದಾಗೂ ಕೇಳಲಿಲ್ಲ. ಈಗ ಮುಚ್ಚತಾರ, ಈಗೂ ಇಲ್ಲ. ನೀವರ ಕೇಳ್ತೀರಿ ಅನ್ಕೊಂಡಿದ್ದೆ."

ತೆರೆದೇ ಇದ್ದ ನಲ್ಲಿಯನ್ನು ನಾನು ನಿಲ್ಲಿಸಿದೆ. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಜೇಬಿನಿಂದ ಫೋನ್ ತೆಗೆದು, ಹೆಂಡತಿಗೆ ಕರೆ ಮಾಡಿ ನನ್ನ ಕಡೆ ಚಾಚಿದ.

"ಆಕಿಗೆ ನೀವೇ ಹೇಳ್ರಿ. ನನ್ನ ಬಾಯಿಂದ ಆಗಂಗಿಲ್ಲ."

ನಾನು ಯಾರು ಅಂತ ಹೇಳಿದ ಕೂಡಲೇ ಆ ಹೆಣ್ಣುಮಗಳು ಸಂತೋಷದಿಂದ ನಮಸ್ಕಾರ ಹೇಳಿದಳು. ಯಾವಾಗ ಕಳಿಸಿಕೊಡುತ್ತೀರಿ ಅಂತ ಕೇಳಿದಳು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಒಂದು ವಿಷಯ ಹೇಳ್ತೀನಿ ತಾಯಿ, ಪೂರ್ತಿ ಕೇಳಿ. ಕೇಳಿದ್ಮೇಲೆ ಬೈಬೇಕು ಅನ್ಸಿದ್ರೆ ಬೈದುಬಿಡಿ," ಅಂದೆ. ನಲ್ಲಿಯಿಂದ ಗೇಟಿನವರೆಗೆ, ಗೇಟಿನಿಂದ ನಲ್ಲಿಯವರೆಗೆ ಓಡಾಡುತ್ತ ಎಲ್ಲವನ್ನೂ ಹೇಳಿದೆ. ಯಂತ್ರ ಬರುವುದಿಲ್ಲ, ಘಟಕ ಉಳಿಯುವುದಿಲ್ಲ, ಅವನಿಗೆ ಸದ್ಯಕ್ಕೆ ಇಲ್ಲೇ ಕೆಲಸ ಅಂತ ಹೇಳಿದೆ. ನಾನೇ ಮೀಟರು ನೋಡಿದ್ದು, ನಾನೇ ಹೇಳಿದ್ದು ಅಂತಲೂ ಹೇಳಿದೆ.

ಆಕೆ ಬೈಯಲಿಲ್ಲ. ಕುಕ್ಕರಿನ ಸೀಟಿ ನಿಂತಿತು, ಒಲೆ ಆರಿಸಿದಳೇನೋ.

"ಮತ್ತ ರೂಮಿನಾಗ ಹಾಸಿಗಿ, ಒಲಿ ಎಲ್ಲಾ ಮೊನ್ನೆ ಅವರಿವರಿಗೆ ಕೊಟ್ಟುಬಿಟ್ಟಾರಲ್ರಿ," ಅಂದಳು. "ಈಗ ಅವರು ಎದರ ಮ್ಯಾಲ ಮಲಗ್ತಾರ್ರಿ?"